ನನ್ನ ಮಕ್ಕಳನ್ನು ನಾನು ಕರೆಯುವುದಿಲ್ಲ: ಮೂರು ಮನೆಯ ಮಿಡಿ ಲೆಕ್ಕ

ಈ ಸಲ ಮಾವಿನ ಮಿಡಿ ಉಪ್ಪಿನಕಾಯಿ ಹಾಕಲು ಮೂರೂ ಮನೆಯ ಏಳೂ ಮಕ್ಕಳು ಬಂದು ಹೋದರು. ಜೊತೆಗೆ ಇಬ್ಬರು ಸೊಸೆಯಂದಿರು, ಒಬ್ಬ ಅಳಿಯ, ಮೂರು ಮೊಮ್ಮಕ್ಕಳು. ಬೆಂಗಳೂರು, ಪುಣೆ, ಮಂಗಳೂರು, ಮಡಗಾಂವ್ ಎಲ್ಲ ಕಡೆಯಿಂದ. "ಇದು ಹೆಚ್ಚೆಂದರೆ ಎರಡು ವರ್ಷ ನಡೆದೀತು" ಎಂದಿದ್ದ ನನ್ನ ನಾದಿನಿ ಈಗ ತನ್ನ ಮಗನನ್ನೂ ಸೇರಿಸಿಕೊಳ್ಳಿ ಎಂದು ಕೇಳಿದ್ದಾಳೆ. ಐದಾರು ವರ್ಷ ನಡೆದಿದೆ, ಇನ್ನು ಧೈರ್ಯವಾಗಿ ಬರೆಯಬಹುದು ಅನಿಸಿತು.

ಮಕ್ಕಳು ಊರು ಬಿಟ್ಟ ಮನೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಯಾವ ಕೇರಿಗೆ ಹೋದರೂ ಜಗಲಿಯಲ್ಲಿ ನಮ್ಮ ವಯಸ್ಸಿನವರೇ ಕಾಣುತ್ತಾರೆ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ನಾವು ಮೂರು ಮನೆಯವರು ಒಂದು ಕಾಲದಲ್ಲಿ ಶಿರಸಿಯ ಒಂದೇ ವಠಾರದಲ್ಲಿ ಬಾಡಿಗೆಗೆ ಇದ್ದೆವು. ಒಂದೇ ಬಾವಿ, ಒಂದೇ ಅಂಗಳ. ಮಕ್ಕಳು ಎಲ್ಲಿ ತಟ್ಟೆ ಹಾಕಿದರೆ ಅಲ್ಲೇ ಊಟ ಮಾಡುತ್ತಿದ್ದರು. ಆಮೇಲೆ ಒಬ್ಬಳು ಕುಮಟಾದ ಸ್ವಂತ ಮನೆಗೆ ಹೋದಳು. ಇನ್ನೊಬ್ಬರು, ನಾನು ಅಕ್ಕ ಎಂದೇ ಕರೆಯುವವರು, ಕಾರವಾರದ ಕೋಡಿಬಾಗದಲ್ಲಿ ಮನೆ ಮಾಡಿದರು. ನಾನು ಶಿರಸಿಯಲ್ಲೇ ಉಳಿದೆ. ನಮ್ಮದು ಹವ್ಯಕರ ಅಡುಗೆ, ಅಕ್ಕನದು ಮೀನಿನ ಮನೆ. ಜಾತಿ ಬೇರೆ, ಮನೆಮಾತು ಬೇರೆ. ಅದು ಯಾವತ್ತೂ ಅಡ್ಡ ಬರಲಿಲ್ಲ. ನನ್ನ ಮಗಳು ಕೊಂಕಣಿ ಕಲಿತದ್ದು ಅಕ್ಕನ ಅಡುಗೆಮನೆಯಲ್ಲಿ, ಸೋಲ್ ಕಡಿ ಕುಡಿಯುತ್ತಾ.

ಮಕ್ಕಳು ದೊಡ್ಡವರಾದ ಮೇಲೆ ಎಲ್ಲರನ್ನೂ ಮತ್ತೆ ಸೇರಿಸಬೇಕು ಎಂದು ನಾವು ಮಾಡದ ಪ್ರಯತ್ನ ಇಲ್ಲ. ವಾಟ್ಸಾಪ್ ಗುಂಪು ಮಾಡಿದೆವು. ಮಕ್ಕಳೆಲ್ಲ ಅದನ್ನು ಮ್ಯೂಟ್ ಮಾಡಿದರು.

ದೊಡ್ಡಹಬ್ಬಕ್ಕೆ, ಅಂದರೆ ದೀಪಾವಳಿಗೆ, ಎಲ್ಲರೂ ನಮ್ಮ ಮನೆಗೆ ಬನ್ನಿ ಎಂದು ಒಂದೆರಡು ವರ್ಷ ಕರೆದೆ. ಹಬ್ಬದ ಹೊತ್ತಿಗೆ ಬೆಂಗಳೂರಿನಿಂದ ಶಿರಸಿಗೆ ಸ್ಲೀಪರ್ ಬಸ್ಸಿನ ರೇಟು ಎಷ್ಟಾಗುತ್ತದೆ ಎಂದು ಗೊತ್ತಲ್ವಾ? ಬೇರೆ ದಿನ ಎಂಟುನೂರು ಇದ್ದದ್ದು ಎರಡು ಸಾವಿರ ದಾಟಿತ್ತು. ಗಂಡ ಹೆಂಡತಿ ಮಗು ಬಂದು ಹೋಗಲು ಹತ್ತು ಸಾವಿರದ ಮೇಲೆ. ಮದುವೆಯಾದವರಿಗೆ ಮಾವನ ಮನೆ ಹಬ್ಬವೂ ಅದೇ ದಿನ. ಗೋಪೂಜೆ ಮುಗಿಸಿ ಮಧ್ಯಾಹ್ನ ಊಟಕ್ಕೆ ಕೂರುವಾಗಲೇ ಅವರ ಕಣ್ಣು ಗಡಿಯಾರದ ಮೇಲೆ. ಅಂಥ ಊಟ ಬಡಿಸಲು ನನಗೆ ಮನಸ್ಸಾಗಲಿಲ್ಲ.

ಮುಂದೆ ಗೋಕರ್ಣದ ಹತ್ತಿರ ಒಂದು ಹೋಂಸ್ಟೇ ಹಿಡಿದೆವು. ಎರಡು ರಾತ್ರಿಗೆ ಊಟ ಸೇರಿ ಇಪ್ಪತ್ತು ಸಾವಿರದ ಹತ್ತಿರ ಬಂತು. ನಾವು ಮೂವರು ಹೆಂಗಸರು ನಮ್ಮ ಪಾಲಿಗೆ ವರ್ಷವಿಡೀ ಕೂಡಿಟ್ಟ ದುಡ್ಡು ಅದು. ಮಕ್ಕಳು ಬಂದರು, ನಿಜ. ಆದರೆ ಎಸಿ ರೂಮಿನಲ್ಲಿ ಮಲಗಿದರು, ಎದ್ದು ಫೋನ್ ನೋಡಿದರು, ಸಮುದ್ರದ ಎದುರು ಫೋಟೋ ತೆಗೆದರು, ಹೋದರು. ಮಾಡಲು ಕೆಲಸ ಇಲ್ಲದಿದ್ದರೆ ಮಾತೂ ಹುಟ್ಟುವುದಿಲ್ಲ ಎಂದು ಆಗ ಗೊತ್ತಾಯಿತು. ವಠಾರದಲ್ಲಿ ನಾವು ಮೂವರು ಗೆಳತಿಯರಾದದ್ದು ಸುಮ್ನೆ ಕೂತು ಅಲ್ಲ. ಹಪ್ಪಳ ಲಟ್ಟಿಸುತ್ತಾ, ಅಡಿಕೆ ಸುಲಿಯುತ್ತಾ.

ಬರದಿದ್ದರೆ ಬೇಡ, ಉಪ್ಪಿನಕಾಯಿಯನ್ನಾದರೂ ಕಳಿಸೋಣ ಎಂದು ಕೊರಿಯರ್ ಮಾಡಿದೆವು. ಒಂದು ವರ್ಷ ಕಳಿಸಿದ್ದರಲ್ಲಿ ಅರ್ಧ ಡಬ್ಬಿ ಸೋರಿತು. ಪುಣೆಗೆ ಹೋದದ್ದರಲ್ಲಿ ರಸ ಪೂರ್ತಿ ಚೀಲದಲ್ಲಿತ್ತು, ಮಿಡಿ ಮಾತ್ರ ಡಬ್ಬಿಯಲ್ಲಿತ್ತು. ಆ ಸಲ ಮೂರು ಸಾವಿರದಷ್ಟು ನೀರಿಗೆ ಹೋಯಿತು.

ದಾರಿ ಸಿಕ್ಕಿದ್ದು ಇದಾದ ಮೇಲೆ. ಆ ವರ್ಷ ಮಾರ್ಚ್‌ನಲ್ಲಿ ಕುಮಟಾದವಳ ಮಗನಿಗೆ ಬೇರೆ ಏನೋ ಕೆಲಸಕ್ಕೆ ಫೋನ್ ಮಾಡಿದ್ದೆ. ಮಾತಿನ ನಡುವೆ, ಮಿಡಿ ಬಂದಿದೆ, ಹೊರಲು ಜನ ಇಲ್ಲ ಎಂದೆ. ಅವನು ಶನಿವಾರ ಬೆಳಿಗ್ಗೆ ನಮ್ಮ ಬಾಗಿಲಲ್ಲಿದ್ದ. ಸ್ವಂತ ಅಮ್ಮ ಕರೆದು ಕರೆದು ಸೋತಿದ್ದ ಹುಡುಗ ಅವನು. ಭಾನುವಾರ ಘಟ್ಟ ಇಳಿದು ಕುಮಟಾಕ್ಕೂ ಹೋದ.

ನಾವು ಮೂವರೂ ಅದನ್ನು ಗಮನಿಸಿದೆವು. ಹೆತ್ತವಳು ಕರೆದರೆ ಮಕ್ಕಳು "ನೋಡೋಣ ಅಮ್ಮಾ" ಎನ್ನುತ್ತಾರೆ. ಆ ಕರೆಯ ಹಿಂದೆ ಇನ್ನೂ ಹತ್ತು ಪ್ರಶ್ನೆ ಇರುತ್ತವೆ ಎಂದು ಅವರಿಗೆ ಗೊತ್ತು. ಮನೆ ಯಾವಾಗ ತಗೊಳ್ತೀಯ, ಮಗು ಯಾವಾಗ, ಯಾಕೆ ಇಷ್ಟು ತೆಳ್ಳಗಾದೆ. ಗೆಳತಿಯ ತಾಯಿ, ಬಾಲ್ಯದಲ್ಲಿ ತಲೆ ಬಾಚಿದ ಅತ್ತೆ ಕರೆದರೆ ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ.

ಅಂದಿನಿಂದ ನನ್ನ ಮಕ್ಕಳನ್ನು ನಾನು ಕರೆಯುವುದಿಲ್ಲ. ನನ್ನ ಮಗನನ್ನು ಕಾರವಾರದ ಅಕ್ಕ ಕರೆಯುತ್ತಾರೆ, ಮಗಳನ್ನು ಕುಮಟಾದವಳು. ಅವರ ಮಕ್ಕಳನ್ನು ನಾನು. ತೋಟದ ಕೆಲಸಕ್ಕೆ ಮುರಿಯಾಳು ಹೋದಂತೆ ಇದು, ಇವತ್ತು ನಾನು ನಿನ್ನಲ್ಲಿಗೆ, ನಾಳೆ ನೀನು ನನ್ನಲ್ಲಿಗೆ. ಯಾರು ಯಾರಿಗೆ ಮೊದಲು ಫೋನ್ ಮಾಡಬೇಕು ಎಂಬುದಕ್ಕೆ ಒಂದು ಕ್ರಮ ಇದೆ. ಅಕ್ಕ ನನ್ನ ಮಗನಿಗೆ ಹೇಳುವ ಒಂದು ಮಾತೂ ಇದೆ, ಅದಕ್ಕೆ ಅವನು ಇವತ್ತಿನವರೆಗೆ ಇಲ್ಲ ಎಂದಿಲ್ಲ. ಎರಡನ್ನೂ ಇಲ್ಲಿ ಬರೆಯುವುದಿಲ್ಲ. ಮಕ್ಕಳೂ ಓದುತ್ತಾರೆ.

"ಹೆತ್ತವಳು ಕರೆಯದೆ ಊರವರು ಕರೆಯುವುದಾ?" ಎಂದು ನಾದಿನಿ ಕೇಳಿದ್ದು ಆಗಲೇ. ನಮ್ಮ ಯಜಮಾನರಿಗೂ ಮೊದಲು ಸರಿ ಕಾಣಲಿಲ್ಲ. ಈಗ ಮಿಡಿಯ ಬುಟ್ಟಿ ಇಳಿಸಿಕೊಳ್ಳಲು ಮೊದಲು ಹೊರಡುವವರು ಅವರೇ.

ಮಿಡಿಯನ್ನೇ ಯಾಕೆ ಹಿಡಿದೆವು ಎಂದರೆ, ಅದು ಯಾರಿಗೂ ಕಾಯುವುದಿಲ್ಲ. ಅಮ್ಮನಿಗೆ ಮುಂದಿನ ವಾರ ಎನ್ನಬಹುದು, ಮಿಡಿಗೆ ಹೇಳಲಾಗುವುದಿಲ್ಲ. ವಾರ ಬಿಟ್ಟರೆ ಗೊರಟು ಬಲಿಯುತ್ತದೆ. ಇನ್ನೊಂದು ಅನುಕೂಲ, ಕೆಲಸ ಎರಡು ಕಂತಿನದು. ಕೊಯ್ದ ದಿನ ಉಪ್ಪಿಗೆ ಹಾಕುವುದು, ಸುಮಾರು ಮೂರು ವಾರ ಬಿಟ್ಟು ಮಿಡಿ ಚಿರುಟಿದ ಮೇಲೆ ಮಸಾಲೆ. ಒಂದಕ್ಕೆ ಬರಲಾಗದವರು ಇನ್ನೊಂದಕ್ಕೆ ಬರುತ್ತಾರೆ. ಆ ಹೊತ್ತಿಗೆ ಬಸ್ಸಿನ ರೇಟೂ ಹಬ್ಬದಷ್ಟು ಏರಿರುವುದಿಲ್ಲ. ಶಿರಸಿಗೆ ರೈಲಿಲ್ಲ, ಆದರೆ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರಿನಲ್ಲಿ ಹತ್ತಿದರೆ ಬೆಳಿಗ್ಗೆ ಕುಮಟಾ, ಮುಂದೆ ಕಾರವಾರ. ಕೆಲವರು ಹಾಗೆ ಬಂದು ಘಟ್ಟ ಹತ್ತುತ್ತಾರೆ.

ಬರಣಿಯ ನಿಯಮ ನನ್ನದೇ ಯೋಚನೆ. ಹೇಳಿಕೊಳ್ಳಲು ನನಗೆ ಹೆಮ್ಮೆ ಇದೆ. ಯಾರ ಬರಣಿಯನ್ನೂ ಅವರ ಕೈಗೇ ಕೊಡುವುದಿಲ್ಲ. ಕುಮಟಾದವಳ ಮಗಳ ಬರಣಿ ನನ್ನ ಮಗನ ಚೀಲದಲ್ಲಿ ಹೋಗುತ್ತದೆ. ನನ್ನ ಮಗನದು ಅಕ್ಕನ ಮಗನ ಹತ್ತಿರ. ಕೊರಿಯರ್ ಪೂರ್ತಿ ಬಂದ್. ಉಪ್ಪಿನಕಾಯಿ ಬೇಕಾದರೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಲೇಬೇಕು. ವಿಜಯನಗರದಲ್ಲಿ ಇರುವವಳು ಮತ್ತು ವೈಟ್‌ಫೀಲ್ಡ್‌ನಲ್ಲಿ ಇರುವವನು ಒಂದೇ ಊರಿನಲ್ಲಿದ್ದೂ ವರ್ಷಗಟ್ಟಲೆ ಭೇಟಿಯಾಗಿರಲಿಲ್ಲ. ಈಗ ಬರಣಿ ಕೊಡಲು ಹೋದವರು ರಾತ್ರಿ ಊಟ ಮಾಡಿಕೊಂಡೇ ಬರುತ್ತಾರೆ. ಕಳೆದ ವರ್ಷ ಅಕ್ಕನ ಮೊಮ್ಮಗುವಿಗೆ ಜ್ವರ ಬಂದು ಆಸ್ಪತ್ರೆ ಸೇರಿದಾಗ ರಾತ್ರಿ ಹೋಗಿ ಕೂತವನು ನನ್ನ ಮಗ. ನಮಗೆ ಮೂವರಿಗೂ ಗೊತ್ತಾದದ್ದು ಮಾರನೇ ದಿನ.

ಈಗ ಕಷ್ಟದ ಭಾಗ.

ಮಿಡಿಯನ್ನು ಒಂದೊಂದಾಗಿ ಬಿಳಿ ಬಟ್ಟೆಯಲ್ಲಿ ಒರೆಸಬೇಕು. ಸ್ವಲ್ಪ ತೊಟ್ಟು ಬಿಟ್ಟು ಉಳಿದದ್ದನ್ನು ಚಿವುಟಬೇಕು. ಸೊನೆ ಹಾರದಂತೆ ಮುಖ ಆಚೆ ಮಾಡಬೇಕು. ನೆಲಕ್ಕೆ ಬಿದ್ದದ್ದು, ಪೆಟ್ಟಾದದ್ದು ಬೇರೆ ಬುಟ್ಟಿಗೆ. ಒಂದು ಕೊಳೆತರೆ ಬರಣಿಯೇ ಹೋಯಿತು. ಎರಡೂವರೆ ಸಾವಿರ ಮಿಡಿ ಎಂದರೆ ಹತ್ತು ಜನ ಕೂತರೂ ಮಧ್ಯಾಹ್ನವಿಡೀ ಬೇಕು. ಕೈಗೆ ಸೊನೆ ಅಂಟಿರುವುದರಿಂದ ಯಾರೂ ಫೋನ್ ಮುಟ್ಟುವುದಿಲ್ಲ. ಕಣ್ಣು ಕೆಳಗೆ ಇರುತ್ತದೆ. ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ. ಮಕ್ಕಳು ನಿಜವಾದ ಮಾತು ಆಡುವುದು ಆವಾಗ. ಆದರೆ ಅವರು ಹೇಳುವುದು ಹೆತ್ತವಳಿಗಲ್ಲ, ಪಕ್ಕದಲ್ಲಿ ಕೂತ ಇನ್ನೊಬ್ಬಳಿಗೆ.

ಒಂದು ವರ್ಷ ನನ್ನ ಮಗ ಅಕ್ಕನ ಪಕ್ಕ ಕೂತು ತೊಟ್ಟು ಚಿವುಟುತ್ತಿದ್ದ. ನಾನು ಒಳಗೆ ಉಪ್ಪು ಅಳೆಯುತ್ತಿದ್ದೆ. ಅವನ ದನಿ ತಗ್ಗಿತು. ಸ್ವಲ್ಪ ಹೊತ್ತಿಗೆ ಅಕ್ಕ ಒಳಗೆ ಬಂದು, "ಹುಡುಗನಿಗೆ ಒಂದು ಲೋಟ ಗಟ್ಟಿ ಚಹಾ ಮಾಡು" ಎಂದರು. ಅಷ್ಟೇ. ಏನಾಯಿತು ಎಂದು ನಾನು ಕೇಳಿದೆ. ಏನಿಲ್ಲ ಎಂದರು. ಎರಡು ತಿಂಗಳ ಮೇಲೆ ಮಗ ಫೋನ್ ಮಾಡಿ, ಹಳೆಯ ಕಂಪನಿಯವರು ಕೆಲಸದಿಂದ ತೆಗೆದಿದ್ದರು, ಈಗ ಬೇರೆ ಸಿಕ್ಕಿದೆ ಎಂದ.

ಅಕ್ಕನಿಗೆ ಫೋನ್ ಮಾಡಿದೆ. "ಗೊತ್ತಿತ್ತಾ?"

"ಗೊತ್ತಿತ್ತು."

ಆ ರಾತ್ರಿ ನನಗೆ ಹೊಟ್ಟೆಯಲ್ಲಿ ಬೆಂಕಿ ಇಟ್ಟಂತಾಯಿತು. ನಾನು ಹೆತ್ತ ಮಗ, ಅವನ ಕಷ್ಟ ಇನ್ನೊಬ್ಬಳಿಗೆ ಗೊತ್ತು, ನನಗಿಲ್ಲ. ಒಂದು ವಾರ ನಾನು ಅಕ್ಕನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅವರೇ ಶಿರಸಿಗೆ ಬಂದರು. "ನಿನಗೆ ಹೇಳಿದ್ದರೆ ನೀನು ಅವನಿಗೆ ದಿನಾ ಫೋನ್ ಮಾಡುತ್ತಿದ್ದೆ. ನಾನು ವಾರಕ್ಕೊಮ್ಮೆ ಮಾಡಿದೆ. ಊಟ ಮಾಡಿದೆಯಾ ಎಂದು ಮಾತ್ರ ಕೇಳಿದೆ" ಎಂದರು. ಕುಮಟಾದವಳ ದೊಡ್ಡ ಮಗಳು ನನಗೆ ಹೇಳಿದ ಒಂದು ಸಂಗತಿ ಆಗಲೇ ನನ್ನ ಹೊಟ್ಟೆಯಲ್ಲಿ ವರ್ಷದಿಂದ ಇತ್ತು. ಅದನ್ನು ನಾನೂ ಯಾರಿಗೂ ಹೇಳಿರಲಿಲ್ಲ, ಇನ್ನೂ ಹೇಳಿಲ್ಲ. ಅಲ್ಲಿಗೆ ಲೆಕ್ಕ ಸರಿಯಾಯಿತು.

ಈ ಒಂದು ವಿಷಯದಲ್ಲಿ ನಾವು ಮೂವರೂ ಗಟ್ಟಿ. ಇನ್ನೊಬ್ಬಳ ಮಗು ಹೇಳಿದ್ದು ಅಲ್ಲೇ ಉಳಿಯಬೇಕು. ಪ್ರಾಣಕ್ಕೆ ಸಂಬಂಧಿಸಿದ್ದಾದರೆ ಮಾತ್ರ ಬೇರೆ. ಇದು ಸಾಧ್ಯವಿಲ್ಲ ಎನ್ನುವವರು ಈ ಕೆಲಸಕ್ಕೆ ಕೈ ಹಾಕಬೇಡಿ. ಒಮ್ಮೆ ಮಾತು ಹೊರಗೆ ಹೋಯಿತೋ, ಮಕ್ಕಳು ಮುಂದಿನ ವರ್ಷ ಬರುವುದಿಲ್ಲ.

ದುಡ್ಡಿನ ವಿಷಯ. ಮೂರು ಮನೆ, ಏಳು ಮಕ್ಕಳು, ಒಟ್ಟು ಹತ್ತು ಪಾಲು. ಬರಲಿ ಬಿಡಲಿ, ಪಾಲಿನ ದುಡ್ಡು ಕೊಡಲೇಬೇಕು. ಅಘನಾಶಿನಿ ದಂಡೆಯ ಕಡೆಯಿಂದ ಪರಿಮಳದ ಮಿಡಿ ಕೊಯ್ದು ಕೊಡುವವರೊಬ್ಬರಿದ್ದಾರೆ. ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಸುತ್ತಾರೆ, ಒಂದೂ ನೆಲಕ್ಕೆ ಬೀಳಿಸುವುದಿಲ್ಲ. ಸಾವಿರಕ್ಕೆ ಮೂರೂವರೆ ಸಾವಿರದ ಆಜುಬಾಜು. ಫಸಲು ಕಮ್ಮಿ ಇದ್ದ ವರ್ಷ ಐದರವರೆಗೂ ಹೋಗಿದೆ. ಜೀಪು, ಬ್ಯಾಡಗಿ ಮೆಣಸು, ಸಾಸಿವೆ, ಅರಿಶಿನ, ಉಪ್ಪು, ಬರಣಿ ಎಲ್ಲ ಸೇರಿ ಹದಿನಾರು ಹದಿನೇಳು ಸಾವಿರ. ಪಾಲಿಗೆ ಸಾವಿರದ ಏಳುನೂರು ಎಂದು ಹಿಡಿಯಿರಿ, ಇನ್ನೂರೈವತ್ತು ಮಿಡಿ ಬರುತ್ತದೆ. ಗೋಕರ್ಣದ ಖರ್ಚಿಗಿಂತ ಕಡಿಮೆ, ಮೇಲಿಂದ ವರ್ಷವಿಡೀ ಊಟಕ್ಕೆ ಇರುತ್ತದೆ. ಮಕ್ಕಳಿಂದ ದುಡ್ಡು ತಗೊಳ್ಳುವುದಾ ಎಂದು ಕುಮಟಾದವಳು ಮೊದಲು ತಕರಾರು ಮಾಡಿದ್ದಳು. ನಾನು ಬಿಡಲಿಲ್ಲ. ದುಡ್ಡು ಕೊಟ್ಟವರು ಮಿಡಿ ಹೇಗಿದೆ, ಮರ ಹೂ ಬಿಟ್ಟಿತಾ ಎಂದು ಜನವರಿಯಿಂದಲೇ ವಿಚಾರಿಸುತ್ತಾರೆ.

ನಾವು ಮೂವರು ಸೇರುವುದಕ್ಕೆ ಖರ್ಚು ಹೆಚ್ಚೇನಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಶಿರಸಿ, ಕುಮಟಾ, ಕಾರವಾರ ಓಡಾಟಕ್ಕೆ ಟಿಕೆಟ್ ದುಡ್ಡಿಲ್ಲ. ಮಕ್ಕಳು ಬರದ ತಿಂಗಳಲ್ಲೂ ನಾವು ಭೇಟಿಯಾಗುತ್ತೇವೆ. ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸಕ್ಕೆ ಬಂದ್ ಆದಾಗ ಮಾತ್ರ ಸುತ್ತು ಹೊಡೆದು ಸೊಂಟ ಹಿಡಿಯಿತು.

ನಡುವೆ ಬೇರೆ ಪ್ರಯೋಗವನ್ನೂ ಮಾಡಿದೆವು. ಆಲೆಮನೆ ಹೊತ್ತಿಗೆ ಕರೆದು ಕಬ್ಬಿನ ಹಾಲಿನ ತೆಳು ಸಿಹಿತಿಂಡಿ ತೊಡದೇವು ಮಾಡಿಸೋಣ ಎಂದುಕೊಂಡೆವು. ಬೋರಲು ಹಾಕಿದ ಮಡಕೆ ಎರಡು ಒಡೆದವು, ಹಿಟ್ಟು ಎಳೆಯುವ ಕೈ ಸೊಸೆಯಂದಿರಿಗೆ ಕೂಡಲಿಲ್ಲ. ಮಾಡುವವಳು ಒಬ್ಬಳೇ, ಉಳಿದವರು ಸುತ್ತ ನಿಂತು ನೋಡುವುದು. ಬಿಟ್ಟೆವು. ಮೇ ತಿಂಗಳಲ್ಲಿ ಅಂಕೋಲೆಯ ಕರಿ ಇಶಾಡ ಮಾವಿನ ಹಣ್ಣಿಗೆ ಕರೆದೆವು, 2023ರಲ್ಲಿ ಜಿಐ (ಭೌಗೋಳಿಕ ಗುರುತು) ಸಿಕ್ಕಿತಲ್ಲ, ಅದೇ ಹಣ್ಣು. ರುಚಿಗೆ ಎರಡು ಮಾತಿಲ್ಲ. ಆದರೆ ಸಿಪ್ಪೆ ತೆಳು, ಇಟ್ಟರೆ ಉಳಿಯುವುದಿಲ್ಲ. ಬೆಂಗಳೂರಿಗೆ ಒಯ್ದದ್ದು ದಾರಿಯಲ್ಲೇ ಮೆತ್ತಗಾಯಿತು. ತಿಂದು ಹೋಗಲು ಅದು ಸರಿ, ಒಬ್ಬರ ಮೂಲಕ ಇನ್ನೊಬ್ಬರಿಗೆ ಕಳಿಸಲು ಆಗುವುದಿಲ್ಲ.

ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯ ವರ್ಷ ಲೆಕ್ಕ ತಪ್ಪುತ್ತದೆ. 2024ರಲ್ಲಿ ಜಾತ್ರೆ ಮಾರ್ಚ್ ಮೂರನೇ ವಾರ ಬಂತು, ಸರಿಯಾಗಿ ಮಿಡಿ ಹೊತ್ತಿಗೆ. ಮನೆ ತುಂಬ ನೆಂಟರು. ಜಾತ್ರೆ ನಡೆಯುವ ಬಿಡ್ಕಿಬೈಲಿಗೆ ಹೋಗಿ ಉಡಿ ತುಂಬಿ, ಮಕ್ಕಳನ್ನು ತಿರುಗುವ ತೊಟ್ಟಿಲು ಹತ್ತಿಸಿ ಬರುವಷ್ಟರಲ್ಲಿ ದಿನ ಮುಗಿಯುತ್ತಿತ್ತು. ಮಿಡಿ ಒರೆಸಿದ್ದು ರಾತ್ರಿ ಹನ್ನೊಂದರ ಮೇಲೆ. ಎರಡು ಬರಣಿ ಹಾಳಾದವು. ಈಗ ಜಾತ್ರೆಯ ವರ್ಷ ಮಕ್ಕಳನ್ನು ಮಸಾಲೆಯ ಕಂತಿಗೆ ಮಾತ್ರ ಕರೆಯುತ್ತೇವೆ, ಉಪ್ಪಿಗೆ ಹಾಕುವುದು ನಾವು ಮೂವರೇ, ಕುಮಟಾದಲ್ಲಿ.

ಶುರು ಮಾಡುವವರಿಗೆ ಎರಡು ಮಾತು. ಎರಡೇ ಮನೆ ಇದ್ದರೆ ನಡೆಯುವುದಿಲ್ಲ. ಒಮ್ಮೆ ಮುನಿಸು ಬಂದರೆ ನಡುವೆ ನಿಲ್ಲುವವರು ಯಾರೂ ಇರುವುದಿಲ್ಲ. ಐದು ಮನೆ ಆದರೆ ಅದು ಸಂಘ ಆಗಿಬಿಡುತ್ತದೆ. ಸ್ವಂತ ಅಕ್ಕತಂಗಿಯರ ನಡುವೆಯೂ ಬೇಡ, ಅಲ್ಲಿ ಆಸ್ತಿಯ ಮಾತು ಬಂದೇ ಬರುತ್ತದೆ. ಮಿಡಿಗೆ ಶಿವರಾತ್ರಿಯ ಮೊದಲೇ ಹೇಳಿಡಿ, ಮುಂಗಡ ಕೊಡಿ, ಇಲ್ಲದಿದ್ದರೆ ಒಳ್ಳೆ ಮರದ್ದು ರಿಪ್ಪನ್‌ಪೇಟೆಯ ಮಿಡಿ ಮಾರುಕಟ್ಟೆ ಕಡೆ ಹೋಗಿಬಿಡುತ್ತದೆ. ನಾದಿನಿಯ ಮಗನನ್ನು ಸೇರಿಸಿಕೊಳ್ಳಲು ಒಪ್ಪಿದ್ದೇವೆ. ಅವನಿಗೆ ಫೋನ್ ಮಾಡುವವಳು ಕುಮಟಾದವಳು.