30ರಲ್ಲಿ ಹಿಡಿದು 24ರಲ್ಲಿ ಬಿಟ್ಟೆ: ನಮ್ಮ ಬ್ಯಾಂಡಿನ ಬೀಚ್ ವಿಡಿಯೋ

ಶೂಟಿಂಗ್‌ನಲ್ಲಿ ಹಾಡನ್ನು 125 ಪರ್ಸೆಂಟ್ ವೇಗದಲ್ಲಿ ಓಡಿಸಬೇಕು, ಕ್ಯಾಮೆರಾದಲ್ಲಿ ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ) ಹಿಡಿಯಬೇಕು, ಎಡಿಟ್‌ನಲ್ಲಿ ಸೆಕೆಂಡಿಗೆ 24ರಂತೆ ಬಿಡಬೇಕು. ಆಗ ಚಲನೆ ನಿಧಾನವಾಗುತ್ತದೆ, ತುಟಿ ಮಾತ್ರ ಮೂಲ ಹಾಡಿಗೆ ಕೂಡುತ್ತದೆ. ನನ್ನ ವಿದ್ಯೆ ಇಷ್ಟೇ. ಇದನ್ನು ಹೇಳಿದಾಗ ಡ್ರಮ್ಮರ್ "20 ಪರ್ಸೆಂಟ್ ಸ್ಲೋ ಮಾಡಿದ್ರೆ ಯಾರಿಗೆ ಕಾಣ್ಸುತ್ತೆ ಗುರೂ?" ಅಂತ ನಕ್ಕ. ಎಡಿಟಿಂಗ್ ಗೆಳೆಯ "ಸುಮ್ನೆ 120 ಫ್ರೇಮಲ್ಲಿ ಹೊಡಿ, ಆಮೇಲೆ ನೋಡ್ಕೊಳ್ಳೋಣ" ಅಂದ. ವಿಡಿಯೋ ಹೊರಗೆ ಬಂದ ಮೇಲೆ ಇಬ್ಬರೂ ಬಾಯಿ ಬಿಡುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೊಟ್ಟೆಪಾಡಿಗೆ ನಾನು ಮೈಸೂರಿನಲ್ಲಿ ಮದುವೆ ವಿಡಿಯೋ ಮಾಡುತ್ತೇನೆ. ಬ್ಯಾಂಡಿನವರು ಕಾಲೇಜಿನಿಂದಲೂ ಗೆಳೆಯರು. ಅವರ ಎಲ್ಲ ಹಾಡಿನ ವಿಡಿಯೋನೂ ನನ್ನದೇ. ಇದರ ಹಿಂದಿನದ್ದಕ್ಕೆ ಡ್ರೋನ್, ಹೊಗೆ ಮೆಷಿನ್, ಡ್ಯಾನ್ಸರ್‌ಗಳು ಅಂತ ಒಂದು ಲಕ್ಷದ ಮೇಲೆ ಹೋಯಿತು. ನೋಡಿದವರು ನಮ್ಮ ಸಂಬಂಧಿಕರು, ಅವರ ಸಂಬಂಧಿಕರು. ಆಮೇಲೆ ಬ್ಯಾಂಡಿನ ಹತ್ತಿರ ದುಡ್ಡಿರಲಿಲ್ಲ. ಹಾಗಾಗಿ ಕಡಿಮೆ ಖರ್ಚಿನ ಉಪಾಯ ಹುಡುಕಲು ನಾನು ಬ್ರಿಟಿಷ್ ಬ್ಯಾಂಡ್ ಕೋಲ್ಡ್‌ಪ್ಲೇಯ ವಿಡಿಯೋಗಳನ್ನು ಮೊದಲಿನಿಂದ ವರ್ಷದ ಪ್ರಕಾರ ನೋಡುತ್ತಾ ಕೂತೆ.

ಕೋಲ್ಡ್‌ಪ್ಲೇನೇ ಯಾಕೆ ಅಂದರೆ, ಅವರು ದುಡ್ಡಿಲ್ಲದ ಕಾಲವನ್ನೂ ಕಂಡವರು, ದುಡ್ಡು ಸುರಿಯುವ ಕಾಲವನ್ನೂ ಕಂಡವರು. 2000ದ 'ಯೆಲ್ಲೋ' ನೋಡಿ. ಇಂಗ್ಲೆಂಡಿನ ಡಾರ್ಸೆಟ್‌ನ ಸ್ಟಡ್‌ಲ್ಯಾಂಡ್ ಬೇ ಬೀಚಿನಲ್ಲಿ ಅವರ ಹಾಡುಗಾರ ಕ್ರಿಸ್ ಮಾರ್ಟಿನ್ ಒಬ್ಬನೇ ನಡೆದು ಬರುತ್ತಾನೆ. ಒಂದೇ ಶಾಟ್. ಇಡೀ ಬ್ಯಾಂಡ್ ಇರಬೇಕಿತ್ತು, ಆದರೆ ಡ್ರಮ್ಮರ್ ವಿಲ್ ಚಾಂಪಿಯನ್‌ನ ತಾಯಿಯ ಅಂತ್ಯಕ್ರಿಯೆ ಅದೇ ದಿನವಿತ್ತು. ಹವಾಮಾನವೂ ಕೈಕೊಟ್ಟಿತ್ತು. ಉಳಿದದ್ದು ಒಬ್ಬ ಮನುಷ್ಯ, ಒಂದು ರೇನ್‌ಕೋಟ್. 50 ಫ್ರೇಮ್‌ನಲ್ಲಿ ಹಿಡಿದು ಅರ್ಧ ವೇಗದಲ್ಲಿ ಬಿಟ್ಟಿದ್ದಾರೆ. ಅಂದರೆ ಅವನು ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಡಿದ್ದಾನೆ. ಅಲೆ, ಕೂದಲು, ಬಟ್ಟೆ ಎಲ್ಲ ತೇಲುತ್ತವೆ, ತುಟಿ ಮಾತ್ರ ಸರಿಯಾಗಿ ಹಾಡುತ್ತದೆ. ಈ ವಿಡಿಯೋದ ಇಬ್ಬರು ನಿರ್ದೇಶಕರಲ್ಲಿ ಒಬ್ಬ ಜೇಮ್ಸ್ ಫ್ರಾಸ್ಟ್. ಅವನೇ 2008ರಲ್ಲಿ ರೇಡಿಯೋಹೆಡ್ ಬ್ಯಾಂಡಿಗೆ ಕ್ಯಾಮೆರಾನೇ ಇಲ್ಲದೆ, ಲೇಸರ್ ಸ್ಕ್ಯಾನ್‌ನಲ್ಲಿ ವಿಡಿಯೋ ಮಾಡಿದ್ದು. ಆಸಾಮಿ ಸಾಮಾನ್ಯದವನಲ್ಲ.

ನಾನೂ ಮೊದಲು ಎರಡು ಪಟ್ಟಿನಿಂದಲೇ ಶುರು ಮಾಡಿದೆ, ನಮ್ಮ ಮನೆಯ ಟೆರೇಸಿನ ಮೇಲೆ. ಆಗಲಿಲ್ಲ. 'ಯೆಲ್ಲೋ'ದಲ್ಲಿ ಸಾಲಿಗೆ ನಾಲ್ಕೈದು ಪದ, ಉದ್ದುದ್ದ ಎಳೆತ. ನಮ್ಮ ಹಾಡಿನಲ್ಲಿ ಪದಗಳು ಜಾಸ್ತಿ. ಹಾಡುವವನ ನಾಲಿಗೆ ಓಡಿದರೂ ತುಟಿ ಮುಚ್ಚಲು ಪುರುಸೊತ್ತೇ ಇಲ್ಲ. ಪ, ಬ, ಮ ಬಂದಲ್ಲೆಲ್ಲ ತುಟಿ ಅರ್ಧಕ್ಕೇ ನಿಲ್ಲುತ್ತಿತ್ತು. ನೋಡುವವರ ಕಣ್ಣು ಹಿಡಿಯುವುದು ಸರಿಯಾಗಿ ಅದನ್ನೇ. ಲಿಪ್ ಸಿಂಕ್ (ಹಾಡಿಗೆ ತುಟಿ ಕೂಡುವುದು) ನೋಡುವಾಗ ನಾನೀಗ ಬೇರೆ ಅಕ್ಷರಗಳನ್ನು ನೋಡುವುದೇ ಇಲ್ಲ. ಈ ಮೂರು ಕೂತರೆ ಉಳಿದದ್ದೆಲ್ಲ ಕೂತ ಹಾಗೇ ಕಾಣುತ್ತದೆ.

ಒಂದೂವರೆ ಪಟ್ಟು ನೋಡಿದೆ. 50ರಲ್ಲಿ ಹಿಡಿದು 25ರ ಎಡಿಟ್ ಟೈಮ್‌ಲೈನಿಗೆ ಹಾಕಿದರೆ ಲೆಕ್ಕ ಸಮ ಬರುವುದಿಲ್ಲ, ನಡಿಗೆ ಕುಂಟುತ್ತದೆ. ಅದನ್ನು ಮುಚ್ಚಲು ಸಾಫ್ಟ್‌ವೇರ್ ಹೊಸ ಫ್ರೇಮ್ ಹುಟ್ಟಿಸಿದರೆ ಬೆರಳುಗಳು ಗಂಜಿಯಾಗುತ್ತವೆ. 30ರಿಂದ 24ಕ್ಕೆ ಬಂದರೆ ಈ ರಗಳೆ ಇಲ್ಲ. ಹಿಡಿದ ಪ್ರತಿ ಫ್ರೇಮೂ ಹಾಗೇ ಉಳಿಯುತ್ತದೆ, ಹೊಸದು ಹುಟ್ಟುವುದಿಲ್ಲ, ಇದ್ದದ್ದು ಬಿಟ್ಟುಹೋಗುವುದಿಲ್ಲ. ನಮ್ಮ ಹಾಡು ನಿಮಿಷಕ್ಕೆ 96 ಬೀಟಿನದು, ಶೂಟಿಂಗ್‌ನಲ್ಲಿ 120 ಆಯಿತು. 4 ನಿಮಿಷ 10 ಸೆಕೆಂಡಿನ ಹಾಡು 3 ನಿಮಿಷ 20 ಸೆಕೆಂಡಿಗೆ ಮುಗಿಯಿತು. ಇಷ್ಟು ವೇಗದಲ್ಲಿ ಯಾರು ಬೇಕಾದರೂ ಹಾಡಬಹುದು. ನೋಡುವವರಿಗೆ ಸ್ಲೋ ಮೋಷನ್ ಅಂತ ಅನ್ನಿಸುವುದೇ ಇಲ್ಲ, ಮನುಷ್ಯನಿಗೆ ಸ್ವಲ್ಪ ತೂಕ ಬಂದ ಹಾಗಿರುತ್ತದೆ. ನನಗೆ ಬೇಕಾಗಿದ್ದದ್ದು ಅದೇ. ಡ್ರಮ್ಮರ್‌ಗೆ ಅರ್ಥ ಆಗದಿದ್ದದ್ದೂ ಅದೇ. ಸಿಂಬಲ್ (ಡ್ರಮ್ ಸೆಟ್ಟಿನ ಲೋಹದ ತಟ್ಟೆ) ಅಲ್ಲಾಡುವುದನ್ನು ಮಾನಿಟರ್‌ನಲ್ಲಿ ನೋಡಿದ ಮೇಲೆ "ಇನ್ನೊಂದ್ಸಲ ಹೊಡೀಲಾ?" ಅಂದ.

ರೂಮಿನಲ್ಲಿ ಟೆಸ್ಟ್ ಮಾಡುವವರಿಗೆ ಒಂದು ಮಾತು. 30 ಫ್ರೇಮ್ ಅಂತ ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬಿಡುವ ಹೊತ್ತು) 1/60 ಸೆಕೆಂಡ್ ಇಟ್ಟರೆ ನಮ್ಮ 50 ಹರ್ಟ್ಜ್ ಕರೆಂಟಿನ ಟ್ಯೂಬ್‌ಲೈಟು ಪಟ್ಟೆ ಪಟ್ಟೆಯಾಗಿ ಕುಣಿಯುತ್ತದೆ. 1/50 ಇಡಿ. ಬಯಲಿನಲ್ಲಿ ಹೇಗಿದ್ದರೂ ನಡೆಯುತ್ತದೆ.

ನಿಜವಾದ ತಲೆನೋವು ಸದ್ದಿನದು. ಹಾಡುವವನು ಸುಮಾರು 150 ಮೀಟರ್ ನಡೆಯಬೇಕು, ಕೊನೆಯ ಚರಣಕ್ಕೆ ಮರಳಿನ ಮೇಲೆ ಕಾಯುತ್ತಿರುವ ಬ್ಯಾಂಡನ್ನು ಸೇರಬೇಕು. ದೊಡ್ಡ ಸ್ಪೀಕರ್ ಒಂದೇ ಕಡೆ ಇಟ್ಟರೆ ಏನಾಗುತ್ತದೆ? ಸದ್ದು ಸೆಕೆಂಡಿಗೆ 340 ಮೀಟರ್ ಹೋಗುತ್ತದೆ. 34 ಮೀಟರ್ ದೂರ ಹೋದವನಿಗೆ ಹತ್ತನೇ ಒಂದು ಸೆಕೆಂಡ್ ತಡ, ಅಂದರೆ ಮೂರು ಫ್ರೇಮ್. ಒಂದೇ ಸಮ ತಡವಾದರೆ ಎಡಿಟ್‌ನಲ್ಲಿ ಜರುಗಿಸಬಹುದು. ನಡೆಯುತ್ತಾ ನಡೆಯುತ್ತಾ ಜಾಸ್ತಿಯಾಗುವ ತಡಕ್ಕೆ ಒಂದೇ ಶಾಟಿನಲ್ಲಿ ಮದ್ದಿಲ್ಲ. ಬ್ಲೂಟೂತ್ ಆದರೆ ಅದರದ್ದೇ ಬೇರೆ ತಡ, ಅದೂ ಒಂದೊಂದು ಸಲ ಒಂದೊಂದು ಥರ. ಕೊನೆಗೆ ವೈರ್ ಹಾಕಿದ ಸಣ್ಣ ಸ್ಪೀಕರನ್ನು ನನ್ನ ಸೊಂಟಕ್ಕೇ ಕಟ್ಟಿಕೊಂಡೆ. ನಾನು ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ) ಹಿಡಿದು ಅವನ ಮುಂದೆ ಹಿಂದಕ್ಕೆ ನಡೆಯುತ್ತೇನೆ, ದೂರ ಯಾವಾಗಲೂ ಎರಡು ಮೀಟರ್. ಸಿಂಕ್ ಕಲ್ಲಿನ ಹಾಗೆ ನಿಂತಿತು.

150 ಮೀಟರ್ ಆಚೆ ಕೂತ ಡ್ರಮ್ಮರ್‌ಗೆ ಅದೇ ಟ್ರ್ಯಾಕ್ ಅದೇ ಹೊತ್ತಿಗೆ ಹೇಗೆ ಕೇಳಿಸಿದೆ ಅಂತ ಇಲ್ಲಿ ಬರೆಯುವುದಿಲ್ಲ. ಮೂರು ಸಾವಿರದೊಳಗೆ ಆಗುವ ಕೆಲಸ, ತಲೆ ಓಡಿಸಿ.

ಜಾಗ ಕುಂದಾಪುರದ ಕೋಡಿ ಬೀಚ್. ಸ್ಟಡ್‌ಲ್ಯಾಂಡ್‌ನ ಸಮುದ್ರ ಇರುವುದು ಪೂರ್ವಕ್ಕೆ, ಅಲ್ಲಿ ಸೂರ್ಯ ಹುಟ್ಟುವುದು ನೀರಿನ ಕಡೆ. ನಮ್ಮ ಕರಾವಳಿಯಲ್ಲಿ ತೆಂಗಿನ ತೋಟದ ಹಿಂದಿನಿಂದ ಬರುತ್ತಾನೆ. ಬೆಳಿಗ್ಗೆ ಸಮುದ್ರಕ್ಕೆ ಬೆನ್ನು ಮಾಡಿದವನ ಮುಖಕ್ಕೆ ಬಿಟ್ಟಿ ಲೈಟು. ಆದರೆ ಆ ಮೆತ್ತನೆ ಬೆಳಕು ಅರ್ಧ ಗಂಟೆಯೂ ಇರುವುದಿಲ್ಲ. ಅದೇ ಹೊತ್ತಿಗೆ ಸಮುದ್ರದ ಇಳಿತವೂ ಇರಬೇಕು, ಗಟ್ಟಿ ಒದ್ದೆ ಮರಳಿಲ್ಲದಿದ್ದರೆ ಹಿಂದಕ್ಕೆ ನಡೆಯುವ ನನ್ನ ಕಾಲು ಹೂತುಹೋಗುತ್ತದೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ಹಾಗಾಗಿ ತಿಂಗಳಲ್ಲಿ ಸರಿಯಾದ ಬೆಳಿಗ್ಗೆಗಳು ಕೆಲವೇ. ಮೊದಲ ಸಲ ಹೋದಾಗ ಮೋಡ. ದುಡ್ಡು ನೀರಿಗೆ. ಎರಡನೇ ಸಲ ಸಿಕ್ಕಿತು.

ಆ ಎರಡನೇ ಸಲದ ಖರ್ಚು ನೆನಪಿದ್ದಷ್ಟು: ಟೆಂಪೋ ಟ್ರಾವೆಲರ್‌ಗೆ 14 ಸಾವಿರ ಚಿಲ್ಲರೆ, ಲಾಡ್ಜಿಗೆ 6, ಲೆನ್ಸ್ ಬಾಡಿಗೆ 3, ಸ್ಪೀಕರ್ ವೈರ್ ಎಲ್ಲ ಸೇರಿ 2.5, ಊಟಕ್ಕೆ 5 ಇರಬೇಕು. ಬಂಗುಡೆ ಫ್ರೈ ತಿಂದದ್ದೇ ಜಾಸ್ತಿ. ಕ್ಯಾಮೆರಾ, ಗಿಂಬಲ್ ನನ್ನವೇ. ಡ್ರೋನ್ ವಿಡಿಯೋದ ಮೂರನೇ ಒಂದು ಪಾಲೂ ಆಗಲಿಲ್ಲ.

ಮಧ್ಯೆ ಬೇರೆ ಹುಚ್ಚುಗಳೂ ಆದವು. 2002ರ 'ದಿ ಸೈಂಟಿಸ್ಟ್' ವಿಡಿಯೋ ಉಲ್ಟಾ ಓಡುತ್ತದೆ, ಅದಕ್ಕಾಗಿ ಕ್ರಿಸ್ ಮಾರ್ಟಿನ್ ಹಾಡನ್ನು ಹಿಂದುಮುಂದಾಗಿ ಕಲಿಯಲು ಸುಮಾರು ಒಂದು ತಿಂಗಳು ತೆಗೆದುಕೊಂಡನಂತೆ. ನಮ್ಮವನಿಗೆ ಒಂದು ಪಲ್ಲವಿ ಬರೆದುಕೊಟ್ಟೆ. ಕನ್ನಡ ಅಕ್ಷರ ನೋಡಿ 'ಮನೆ'ಯನ್ನು 'ನೆಮ' ಅಂತ ತಿರುಗಿಸಿದರೆ ಕೆಲಸ ಆಗುವುದಿಲ್ಲ, 'ಎನಮ್' ಅನ್ನಬೇಕು. ಎರಡು ಸಾಲು ಅದ್ಭುತವಾಗಿ ಬಂತು. ಮೂರನೆಯ ಸಾಲಿಗೆ ಅವನು ಹಾಳೆ ಹರಿದ. 2009ರ 'ಸ್ಟ್ರಾಬೆರಿ ಸ್ವಿಂಗ್'ನಲ್ಲಿ ನೆಲದ ಮೇಲೆ ಸೀಮೆಸುಣ್ಣದ ಚಿತ್ರ ಬಿಡಿಸಿ ಒಂದೊಂದೇ ಫ್ರೇಮ್ ತೆಗೆದಿದ್ದಾರೆ. ನಾನು ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ಮಾಡಿದೆ, ಸೆಕೆಂಡಿಗೆ 12 ಫೋಟೋ. ಗಾಳಿ ಬಂದರೆ ಮುಗಿಯಿತು. ಆದರೂ ನಲವತ್ತು ಸೆಕೆಂಡಿನಷ್ಟು ಇದೆ, ಚೆನ್ನಾಗಿಯೂ ಇದೆ, ಯಾವತ್ತೋ ಉಪಯೋಗಕ್ಕೆ ಬರುತ್ತದೆ. 2016ರಲ್ಲಿ ಬಂದ 'ಹಿಮ್ ಫಾರ್ ದಿ ವೀಕೆಂಡ್' ಮುಂಬೈಯಲ್ಲಿ ಮಾಡಿದ್ದು, ಬಣ್ಣವೋ ಬಣ್ಣ. ಅದರಿಂದ ಕದಿಯಲು ನನಗೇನೂ ಸಿಗಲಿಲ್ಲ. ದುಡ್ಡು ಕದಿಯಲು ಬರುವುದಿಲ್ಲ ಅಲ್ವಾ?

ನಮ್ಮ ವಿಡಿಯೋ ಹಾಕಿದ ಮೇಲೆ ಇನ್ನೆರಡು ಬ್ಯಾಂಡಿನವರು ಫೋನ್ ಮಾಡಿ "ಯಾವ ಕ್ಯಾಮೆರಾ ಅಣ್ಣಾ?" ಅಂತ ಕೇಳಿದರು. ಮುಹೂರ್ತ ಶೂಟ್ ಮಾಡುವ ಅದೇ ಹಳೆ ಕ್ಯಾಮೆರಾ ಅಂದರೆ ನಂಬಲಿಲ್ಲ. ಈಗ ಡ್ರಮ್ಮರ್‌ಗೆ ಮದುವೆ ಗೊತ್ತಾಗಿದೆ. ಪ್ರಿ-ವೆಡ್ಡಿಂಗ್ ಹಾಡಿಗೂ ಅದೇ 125 ಮಾಡು ಅಂತ ಬೆನ್ನು ಬಿದ್ದಿದ್ದಾನೆ. ಮಾಡಿಕೊಡುತ್ತೇನೆ, ನಕ್ಕಿದ್ದಕ್ಕೆ ಐದು ಸಾವಿರ ಜಾಸ್ತಿ ಅಂತ ಹೇಳಿದ್ದೇನೆ.