ಬಳ್ಳಿರಕ್ತದಲ್ಲೇ ಕಾಮಾಲೆಯ ಸುಳಿವು: ನನ್ನ ಅನುಭವ

ತಾಯಿಯ ರಕ್ತದ ಗುಂಪು ಓ, ಮಗುವಿನದು ಎ ಅಥವಾ ಬಿ ಇದ್ದರೆ ಹೊಕ್ಕುಳಬಳ್ಳಿಯ ರಕ್ತದಲ್ಲಿ ಕೂಂಬ್ಸ್ (ತಾಯಿಯ ಆಂಟಿಬಾಡಿ ಮಗುವಿನ ಕೆಂಪುಕಣಕ್ಕೆ ಅಂಟಿದೆಯೇ ಎಂದು ನೋಡುವ ಪರೀಕ್ಷೆ) ಮಾಡುವುದು ದಂಡ, ಹೇಗೂ ನೆಗೆಟಿವ್ ಬರುತ್ತದೆ ಎಂದವರೇ ಹೆಚ್ಚು. ಕೂಂಬ್ಸ್ ಒಂದನ್ನೇ ನೋಡಿದರೆ ಆ ಮಾತು ಬಹುಪಾಲು ನಿಜ. ಅದಕ್ಕೇ ಹಿಮೋಗ್ಲೋಬಿನ್, ಬಿಲಿರುಬಿನ್ (ಕೆಂಪುಕಣ ಒಡೆದಾಗ ಹುಟ್ಟಿ ಕಾಮಾಲೆ ತರುವ ಹಳದಿ ಬಣ್ಣ) ಜೊತೆಗಿಟ್ಟು ಓದಿದೆವು. ತೀರ್ಥಹಳ್ಳಿ ಕಡೆಯ ನಮ್ಮ ಲ್ಯಾಬಿನಲ್ಲಿ ಈಗ ಈ ಕ್ರಮ ಗಟ್ಟಿಯಾಗಿ ನಿಂತಿದೆ. ಮನೆ ಸೇರಿ ಮೂರನೇ ದಿನ ಮಳೆಯಲ್ಲಿ ಹಳದಿಯಾಗಿ ವಾಪಸ್ ಬರುವ ಮಕ್ಕಳು ಅಪರೂಪವಾಗಿದ್ದಾರೆ.

ಕೆಡುವುದೆಲ್ಲ ಸ್ಯಾಂಪಲ್ಲಿನಲ್ಲಿ. ಬಳ್ಳಿ ಹಿಂಡಿದರೆ ಅದರೊಳಗಿನ ಅಂಟು ಪದಾರ್ಥ ವಾರ್ಟನ್ ಜೆಲ್ಲಿ ಬೆರೆತು ಕೆಂಪುಕಣಗಳು ತಾವೇ ಗಂಟು ಕಟ್ಟುತ್ತವೆ. ಕೂಂಬ್ಸ್ ಸುಳ್ಳು ಪಾಸಿಟಿವ್, ಗ್ರೂಪಿಂಗೂ ಹಾಳು. ಕ್ಲ್ಯಾಂಪ್ ಹಾಕಿ, ಒರೆಸಿ, ಸಿರಿಂಜಿನಿಂದ ರಕ್ತನಾಳದಿಂದಲೇ ಎಳೆಯಿರಿ: ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದು) ಇರುವ ಟ್ಯೂಬಿಗೆ 2 ಎಂಎಲ್, ಏನೂ ಬೆರೆಸದ ಪ್ಲೇನ್ ಟ್ಯೂಬಿಗೆ 2 ಎಂಎಲ್. ದೊಡ್ಡವರ ಕಣಕ್ಕೆ ಮೂರು ತೊಳೆತ ಸಾಕು. ಇಲ್ಲಿ ಬೆಚ್ಚಗಿನ ಸಲೈನಿನಲ್ಲಿ ಆರು. ತೊಳೆದ ಕಣವನ್ನು ಸಲೈನಿನಲ್ಲಿ ಕಲಸಿದ ಶೇ. 5ರ ಸಸ್ಪೆನ್ಷನ್ ಒಂದು ಹನಿ, ಎಎಚ್‌ಜಿ (ಆಂಟಿಬಾಡಿ ಅಂಟಿದ ಕಣಗಳನ್ನು ಗಂಟು ಕಟ್ಟಿಸುವ ಕೂಂಬ್ಸ್ ದ್ರಾವಣ) ಎರಡು ಹನಿ, ಸೆಂಟ್ರಿಫ್ಯೂಜಿನಲ್ಲಿ 1000 ಆರ್‌ಪಿಎಂಗೆ ಒಂದು ನಿಮಿಷ, ತಕ್ಷಣ ಓದು.

ನೆಗೆಟಿವ್ ಬಂದರೆ ಚೆಕ್ ಸೆಲ್ (ಮೊದಲೇ ಆಂಟಿಬಾಡಿ ಅಂಟಿಸಿಟ್ಟ ಕಣ, ಗಂಟು ಕಟ್ಟಲೇಬೇಕು) ಹಾಕದೆ ರಿಪೋರ್ಟ್ ಬೇಡ. ಅದೂ ಗಂಟು ಕಟ್ಟದಿದ್ದರೆ ತೊಳೆತ ಸಾಲದೆ ಉಳಿದ ಪ್ರೋಟೀನ್ ಎಎಚ್‌ಜಿಯನ್ನು ನುಂಗಿದೆ, ಅಥವಾ ಎಎಚ್‌ಜಿಯೇ ಸತ್ತಿದೆ. ಆಷಾಢದಲ್ಲಿ ಕರೆಂಟ್ ಹೋಗಿ ಫ್ರಿಜ್ 2–8 ಡಿಗ್ರಿ ದಾಟಿದರೆ ಎಎಚ್‌ಜಿ ವಯಲ್ ಹೋದಂತೆಯೇ. ಕೊಂಡ ಚೆಕ್ ಸೆಲ್ ಬೇಗ ಅವಧಿ ಮೀರುವುದರಿಂದ ನಾವೇ ಮಾಡಿಕೊಳ್ಳುತ್ತೇವೆ: ಓ ಪಾಸಿಟಿವ್ ಕಣಕ್ಕೆ ಐಜಿಜಿ ಬಗೆಯ ಆಂಟಿ-ಡಿ (ಆರ್‌ಎಚ್ ಪಾಸಿಟಿವ್ ಕಣಕ್ಕೆ ಅಂಟುವ ಆಂಟಿಬಾಡಿ), 37 ಡಿಗ್ರಿಯಲ್ಲಿ ಅರ್ಧ ಗಂಟೆ, ತೊಳೆತ. ಐಜಿಎಂ ಬಗೆಯದು ಮಾತ್ರ ಇರುವ, ರಕ್ತದ ಗುಂಪು ನೋಡುವ ಆಂಟಿ-ಡಿ ನಡೆಯದು. ಆಂಟಿ-ಡಿಯನ್ನು ಎಷ್ಟು ತೆಳು ಮಾಡುತ್ತೇವೆ ಎಂದು ಬರೆಯುವುದಿಲ್ಲ. ನಿಮ್ಮ ವಯಲಿಗೆ ನೀವೇ ಟೈಟರ್ (ಎಷ್ಟು ತೆಳುವಾಗುವವರೆಗೆ ಕೆಲಸ ಮಾಡುತ್ತದೆ ಎಂಬುದು) ನೋಡಿಕೊಳ್ಳಿ.

ಕಣ ಒಡೆಯುತ್ತಿರುವ ಸುಳಿವೆಂದು ಸ್ಮಿಯರಿನಲ್ಲಿ (ಗಾಜಿನ ಮೇಲೆ ಸವರಿದ ರಕ್ತದಲ್ಲಿ) ನ್ಯೂಕ್ಲಿಯಸ್ ಇರುವ ಎಳೆಯ ಕೆಂಪುಕಣವನ್ನೂ ಕೆಲಕಾಲ ಎಣಿಸಿದೆವು. ಉಸಿರು ಕಟ್ಟಿ ಹುಟ್ಟಿದ ಮಗುವಿಗೂ, ತಾಯಿಗೆ ಸಕ್ಕರೆ ಕಾಯಿಲೆ ಇದ್ದಲ್ಲಿಯೂ ಏರುತ್ತದೆ, ಬಿಟ್ಟೆವು.

ಬಿಲಿರುಬಿನ್ ಟ್ಯೂಬಿಗೆ ಬೆಳಕು ತಾಗದಂತೆ ಫಾಯಿಲ್ ಸುತ್ತಿ, ಸೀರಂ ಕೆಂಪಾಗಿದ್ದರೆ ಚೆಲ್ಲಿ. ಬಳ್ಳಿಯಲ್ಲಿ ಬಿಲಿರುಬಿನ್ 2.5 ಎಂಜಿ/ಡಿಎಲ್ ದಾಟಿದರೆ ಹುಟ್ಟಿದ 12 ಗಂಟೆಗೆ ಹಿಮ್ಮಡಿಯಿಂದ ಮತ್ತೆ ರಕ್ತ ತೆಗೆಯುತ್ತೇವೆ. ಮೊದಲ ದಿನ ಗಂಟೆಗೆ 0.3ರಂತೆ ಏರಿದರೆ ಕಣ ಒಡೆಯುತ್ತಿದೆ ಎಂದೇ ಲೆಕ್ಕ, ಕೂಂಬ್ಸ್ ಏನೇ ಹೇಳಲಿ. ಬಳ್ಳಿಯಲ್ಲೇ 4 ದಾಟಿದರೆ ಅಥವಾ ಹಿಮೋಗ್ಲೋಬಿನ್ 12 ಗ್ರಾಂ/ಡಿಎಲ್‌ಗಿಂತ ಕೆಳಗಿದ್ದರೆ ಕಾಯುವುದಿಲ್ಲ: ಮಕ್ಕಳ ಡಾಕ್ಟರಿಗೆ ಫೋನ್, ಶಿವಮೊಗ್ಗಕ್ಕೆ ಆಂಬುಲೆನ್ಸ್, ಜೊತೆಗೆ ತಾಯಿಯ ಸ್ಯಾಂಪಲ್ಲೂ.

ಆರ್‌ಎಚ್ ನೆಗೆಟಿವ್ ತಾಯಿಗೆ 28ನೇ ವಾರದಲ್ಲಿ ಆಂಟಿ-ಡಿ ಚುಚ್ಚಿದ್ದರೆ ಅದರಿಂದಲೇ ಮಗುವಿನ ಕೂಂಬ್ಸ್ ಸಣ್ಣಗೆ ಪಾಸಿಟಿವ್ ಬರಬಹುದು. ಚುಚ್ಚಿದ ತಾರೀಖು ಚೀಟಿಯಲ್ಲಿ ಇಲ್ಲದಿದ್ದರೆ ಸಿಸ್ಟರನ್ನು ಕೇಳಿಯೇ ರಿಪೋರ್ಟ್ ಬರೆಯಿರಿ.