ಸೋಮವಾರದ ಮ್ಯಾಟಿನಿ

ಚಿತ್ರಮಂದಿರದ ಕತ್ತಲೆಯಲ್ಲಿ ನಾನು ಪರದೆ ನೋಡುವುದು ಕಡಿಮೆ. ಮುಂದಿನ ಸಾಲಿನ ಪಕ್ಕದ ಬಾಗಿಲ ಬಳಿ ಗೋಡೆಗೆ ಒರಗಿ, ಜನರ ಮುಖ ನೋಡುತ್ತಾ ನಿಂತಿರುತ್ತೇನೆ. ಚಿತ್ರ ಹಂಚಿಕೆಗೆ ಬಂದು ಹದಿನೆಂಟು ವರ್ಷವಾಯಿತು. ಯಾವ ಚಿತ್ರವನ್ನು ಯಾವ ವಾರ, ಎಷ್ಟು ಪರದೆಗಳಲ್ಲಿ, ಏನು ಹೇಳಿ ಬಿಡುಗಡೆ ಮಾಡಬೇಕು ಎಂದು ತೀರ್ಮಾನಿಸುವುದು ನನ್ನ ಕೆಲಸ. ಒಂದು ಚಿತ್ರ ಏಕೆ ಓಡಿತು, ಇನ್ನೊಂದು ಏಕೆ ಮಕಾಡೆ ಮಲಗಿತು ಎಂದು ಯಾರಾದರೂ ಕೇಳಿದರೆ ಹಿಂದೆಲ್ಲ ಗಳಿಕೆಯ ಪಟ್ಟಿ ತೆಗೆದು ತೋರಿಸುತ್ತಿದ್ದೆ. ಈಗ ಆ ಬಾಗಿಲ ಬಳಿಗೆ ಕರೆದುಕೊಂಡು ಹೋಗುತ್ತೇನೆ.

ಅಲ್ಲಿ ನಿಂತರೆ ಪರದೆಯ ಬೆಳಕು ನೂರಾರು ಮುಖಗಳ ಮೇಲೆ ಆಡುವುದು ಕಾಣುತ್ತದೆ. ಚಿತ್ರ ಹಿಡಿದಿಟ್ಟಿದ್ದರೆ ಯಾರೂ ಅಲುಗುವುದಿಲ್ಲ. ಕೈಗೆತ್ತಿಕೊಂಡ ತಿನಿಸು ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿರುತ್ತದೆ. ಹಿಡಿತ ಸಡಿಲವಾದಾಗ ಮೊದಲು ಬೆನ್ನುಗಳು ಕುರ್ಚಿಗೆ ಒರಗುತ್ತವೆ. ಆಮೇಲೆ ಎಲ್ಲೋ ಒಂದು ಕೆಮ್ಮು. ಅದು ಒಂದು ಕಡೆ ಶುರುವಾದರೆ ಹತ್ತು ಕಡೆ ಹಬ್ಬುತ್ತದೆ. ಕೊನೆಗೆ ತೊಡೆಗಳ ಮೇಲೆ ಮೊಬೈಲ್‌ಗಳು ಬೆಳಗುತ್ತವೆ. ನನ್ನ ಚೀಟಿಯಲ್ಲಿ ‘ಐವತ್ತೆರಡನೆಯ ನಿಮಿಷ, ಒಂಬತ್ತು ಮೊಬೈಲ್’ ಎಂದು ಬರೆದುಕೊಳ್ಳುತ್ತೇನೆ. ಅದೇ ಚಿತ್ರವನ್ನು ಬೇರೆ ಊರಿನಲ್ಲಿ, ಬೇರೆ ಆಟದಲ್ಲಿ ನೋಡಿದರೂ ಹೆಚ್ಚುಕಡಿಮೆ ಅದೇ ನಿಮಿಷಕ್ಕೆ ಅವು ಬೆಳಗುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಈ ಅಭ್ಯಾಸ ಶುರುವಾದದ್ದು ಒಂದು ಸೋಲಿನಿಂದ. ಆ ಸೋಲಿನಲ್ಲಿ ನನ್ನ ಪಾಲು ದೊಡ್ಡದು.

ಆಗಿನ್ನೂ ಈ ಕೆಲಸದಲ್ಲಿ ನಾಲ್ಕನೆಯ ವರ್ಷ. ಹೊಸ ನಿರ್ದೇಶಕರೊಬ್ಬರ ಮೊದಲ ಚಿತ್ರ ನಮ್ಮ ಕೈಗೆ ಬಂತು. ಜೈಲಿನಿಂದ ಬಿಡುಗಡೆಯಾಗಿ ಬಂದ ತಂದೆ, ಅವನ ಜೊತೆ ಮಾತು ಬಿಟ್ಟ ಮಗಳು. ಚಿತ್ರ ನಿಧಾನ, ಆದರೆ ಗಟ್ಟಿ. ಅದರಲ್ಲಿ ಹೊಡೆದಾಟ ಇದ್ದದ್ದು ಒಂದೇ ಕಡೆ, ಅದೂ ಎರಡು ನಿಮಿಷ. ಟ್ರೇಲರ್ ಸಿದ್ಧಪಡಿಸುವ ಹೊಣೆ ನನ್ನದಾಗಿತ್ತು. ಆ ಎರಡು ನಿಮಿಷವನ್ನೇ ತುಂಡು ತುಂಡು ಮಾಡಿ, ನಡುವೆ ಗುಡುಗಿನಂಥ ಸಂಗೀತ ತುಂಬಿಸಿ, ಸೇಡಿನ ಕಥೆ ಎಂಬಂತೆ ಜೋಡಿಸಿಬಿಟ್ಟೆ. ಪೋಸ್ಟರ್‌ನಲ್ಲಿ ನಾಯಕನ ಕೈಗೆ ಕಬ್ಬಿಣದ ಸರಳು ಕೊಟ್ಟೆವು. ನಿರ್ದೇಶಕರು ಅದನ್ನು ನೋಡಿ, “ಇದು ನನ್ನ ಚಿತ್ರವಲ್ಲವಲ್ಲ” ಎಂದು ಮೆಲ್ಲಗೆ ಹೇಳಿದ್ದು ಈಗಲೂ ಕಿವಿಯಲ್ಲಿದೆ. “ಮೊದಲು ಜನ ಒಳಗೆ ಬರಲಿ ಸರ್, ಉಳಿದದ್ದನ್ನು ನಿಮ್ಮ ಚಿತ್ರವೇ ನೋಡಿಕೊಳ್ಳುತ್ತದೆ” ಎಂದು ನಾನು ಸಮಾಧಾನ ಹೇಳಿದೆ.

ಜನ ಒಳಗೆ ಬಂದರು. ಶುಕ್ರವಾರ ಸಂಜೆಯ ಆಟಕ್ಕೆ ಹೌಸ್‌ಫುಲ್ ಫಲಕ ಬಿತ್ತು. ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಮೊದಲ ಅರ್ಧ ಗಂಟೆ ಜನ ಕಾದರು. ನಲವತ್ತನೆಯ ನಿಮಿಷದಲ್ಲಿ ತಂದೆ ಅಡುಗೆಮನೆಯಲ್ಲಿ ಒಬ್ಬನೇ ಕುಳಿತು, ಮಗಳು ತಿನ್ನದೆ ಬಿಟ್ಟುಹೋದ ತಟ್ಟೆಯನ್ನು ನೋಡುವ ದೃಶ್ಯವಿತ್ತು. ಸಂಕಲನದ ಕೋಣೆಯಲ್ಲಿ ನೋಡಿದಾಗ ನನ್ನ ಕಣ್ಣು ತುಂಬಿಸಿದ್ದ ದೃಶ್ಯ ಅದು. ಮಂದಿರದಲ್ಲಿ ಮಾತ್ರ ಆಗ ಯಾರೋ ಶಿಳ್ಳೆ ಹಾಕಿದರು, ಇನ್ನಾರೋ ‘ಬೇಗ ಮುಗಿಸಿ’ ಎಂದು ಕೂಗಿದರು, ಮಂದಿರ ಇಡೀ ನಕ್ಕಿತು. ಆ ಪ್ರೇಕ್ಷಕರ ಮೇಲೆ ನನಗೆ ಕೋಪ ಬರಲಿಲ್ಲ. ಅವರು ನಾನು ಕೊಟ್ಟ ಮಾತನ್ನು ನಂಬಿ ಬಂದಿದ್ದರು. ಆ ದೃಶ್ಯಕ್ಕಾಗಿ ಕಾಯುತ್ತಿದ್ದವರು ಕಬ್ಬಿಣದ ಸರಳಿನ ಪೋಸ್ಟರ್ ನೋಡಿ ಮನೆಯಲ್ಲೇ ಉಳಿದಿದ್ದರು. ಭಾನುವಾರದ ಹೊತ್ತಿಗೆ ಆಟಗಳು ಅರ್ಧ ಖಾಲಿ. ಸೋಮವಾರ ಮ್ಯಾಟಿನಿಗೆ ಹದಿನಾಲ್ಕು ಟಿಕೆಟ್. ಗುರುವಾರಕ್ಕೆ ಎಲ್ಲ ಕಡೆಯಿಂದ ಚಿತ್ರ ಎತ್ತಂಗಡಿಯಾಯಿತು. ಕೆಲವು ವರ್ಷಗಳ ನಂತರ ಟಿವಿಯಲ್ಲಿ ಬಂದಾಗ ಜನ ಅದನ್ನು ಮೆಚ್ಚಿಕೊಂಡರು. ಆ ಮೆಚ್ಚುಗೆಯಿಂದ ನಿರ್ಮಾಪಕರ ಸಾಲ ತೀರಲಿಲ್ಲ.

ಹೀಗೆ ಪೆಟ್ಟು ತಿಂದವರು ನಾವಷ್ಟೇ ಅಲ್ಲ ಎಂದು ಆಮೇಲೆ ತಿಳಿಯಿತು. 2011ರಲ್ಲಿ ತೆರೆಕಂಡ ‘ಡ್ರೈವ್’ ವಿಮರ್ಶಕರ ಮೆಚ್ಚುಗೆ ಗಳಿಸಿದ ಚಿತ್ರ. ಆದರೆ ಅಮೆರಿಕದ ಪ್ರೇಕ್ಷಕಿಯೊಬ್ಬರು, ಟ್ರೇಲರ್ ನೋಡಿ ಕಾರುಗಳ ಬೆನ್ನಟ್ಟಾಟ ಇರುತ್ತದೆ ಎಂದುಕೊಂಡು ಹೋದರೆ ಚಿತ್ರದಲ್ಲಿ ಅದು ತೀರಾ ಕಡಿಮೆ ಎಂದು ದೂರಿ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿದರು. ಅಮೆರಿಕದಲ್ಲೇ ‘ಸಿನಿಮಾಸ್ಕೋರ್’ ಎಂಬ ಸಂಸ್ಥೆ 1979ರಿಂದ ಬಿಡುಗಡೆಯ ದಿನವೇ ಪ್ರೇಕ್ಷಕರ ಕೈಗೆ ಚೀಟಿ ಕೊಟ್ಟು ಅಂಕ ಹಾಕಿಸುತ್ತದೆ. 2017ರ ‘ಮದರ್!’ ಚಿತ್ರಕ್ಕೆ ಅಲ್ಲಿ ಸಿಕ್ಕಿದ್ದು ಎಫ್, ಅಂದರೆ ಅತ್ಯಂತ ಕೆಳಗಿನ ದರ್ಜೆ. ಆ ಅಂಕದಿಂದ ಚಿತ್ರದ ಗುಣ ಗೊತ್ತಾಗುತ್ತದೆ ಎಂದು ನಾನು ನಂಬುವುದಿಲ್ಲ. ಬಂದವರು ಏನನ್ನು ನಿರೀಕ್ಷಿಸಿ ಬಂದಿದ್ದರು, ಅದು ಸಿಕ್ಕಿತೇ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ನನ್ನ ಕಸುಬಿಗೆ ಅದೇ ಮುಖ್ಯ.

ಶುಕ್ರವಾರದ ಗಳಿಕೆ ನಟರದ್ದು, ಹಾಡಿನದ್ದು, ಟ್ರೇಲರ್‌ನದ್ದು, ಬಿಡುಗಡೆಯ ದಿನಾಂಕ ಆರಿಸಿದವರದ್ದು. ಆ ದಿನ ಟಿಕೆಟ್ ಕೊಂಡವರಲ್ಲಿ ಯಾರೂ ಇನ್ನೂ ಚಿತ್ರ ನೋಡಿರುವುದಿಲ್ಲ. ಶನಿವಾರ, ಭಾನುವಾರ ರಜೆ ಇರುವುದರಿಂದ ಒಂದಿಷ್ಟು ಜನ ಹೇಗೂ ಬರುತ್ತಾರೆ. ಸೋಮವಾರ ರಜೆಯಿಲ್ಲ, ಹೊಸ ಜಾಹೀರಾತಿಲ್ಲ, ಅಭಿಮಾನಿಗಳ ಹಾರತುರಾಯಿ ಒಣಗಿರುತ್ತದೆ. ಆ ಮಧ್ಯಾಹ್ನ ಕೌಂಟರಿನ ಮುಂದೆ ನಿಲ್ಲುವವನು, ಈಗಾಗಲೇ ನೋಡಿದ ಇನ್ನೊಬ್ಬರ ಮಾತು ಕೇಳಿ ಬಂದವನು. ಅದಕ್ಕೇ ಸೋಮವಾರ ಮ್ಯಾಟಿನಿಯ ಸಂಖ್ಯೆ ಬರುವವರೆಗೆ ನಾನು ಊಟಕ್ಕೆ ಏಳುವುದಿಲ್ಲ. ಶುಕ್ರವಾರದ ಅದೇ ಆಟಕ್ಕೆ ಹೋಲಿಸಿ ನೋಡುತ್ತೇನೆ. ಅರ್ಧಕ್ಕಿಂತ ಮೇಲೆ ನಿಂತಿದ್ದರೆ ಚಿತ್ರಕ್ಕೆ ಓಡುವ ಕಾಲು ಬಂದಿದೆ ಎಂದು ಅರ್ಥ. ಮೂರನೆಯ ಒಂದಕ್ಕಿಂತ ಕೆಳಗಿಳಿದಿದ್ದರೆ ಎಷ್ಟು ಜಾಹೀರಾತು ಸುರಿದರೂ ಮೇಲೇಳಿಸುವುದು ಕಷ್ಟ. ಇದು ನನ್ನ ಸ್ವಂತ ಅಳತೆ. ಕೆಲವು ಸಲ ತಪ್ಪಿದೆ, ಬಹಳ ಸಲ ತಪ್ಪಿಲ್ಲ.

ಮೊದಲ ವಾರಾಂತ್ಯಕ್ಕೆ ಇಷ್ಟೊಂದು ತೂಕ ಹಿಂದೆ ಇರಲಿಲ್ಲ. ದೊಡ್ಡ ಚಿತ್ರಗಳೂ ಕೆಲವೇ ಮಂದಿರಗಳಲ್ಲಿ ತೆರೆಕಂಡು ಊರಿಂದೂರಿಗೆ ಸಾಗುತ್ತಿದ್ದವು. 1975ರಲ್ಲಿ ‘ಜಾಸ್’ ಭಾರೀ ಟಿವಿ ಜಾಹೀರಾತಿನೊಂದಿಗೆ ಒಂದೇ ದಿನ 400ಕ್ಕೂ ಹೆಚ್ಚು ಮಂದಿರಗಳಲ್ಲಿ ಬಿಡುಗಡೆಯಾಗಿ ಗೆದ್ದ ಮೇಲೆ ಎಲ್ಲರೂ ಆ ದಾರಿ ಹಿಡಿದರು. ಇಂದು ಸಾವಿರಾರು ಪರದೆಗಳಲ್ಲಿ ಒಟ್ಟಿಗೆ ಬರುವ ಚಿತ್ರ ಎರಡನೆಯ ವಾರಾಂತ್ಯದಲ್ಲಿ ಅರ್ಧದಷ್ಟು ಗಳಿಕೆ ಕಳೆದುಕೊಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಹಾಗಿರುವಾಗ 1997ರ ಡಿಸೆಂಬರ್‌ನಲ್ಲಿ ಬಂದ ‘ಟೈಟಾನಿಕ್’ ಲೆಕ್ಕ ನೋಡಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಮೆರಿಕದಲ್ಲಿ ಮೊದಲ ವಾರಾಂತ್ಯದ ಗಳಿಕೆ ಸುಮಾರು 2.86 ಕೋಟಿ ಡಾಲರ್. ಎರಡನೆಯ ವಾರಾಂತ್ಯ ಅದಕ್ಕಿಂತ ಹೆಚ್ಚು. ಸತತ ಹದಿನೈದು ವಾರ ಅದು ಮೊದಲ ಸ್ಥಾನ ಬಿಟ್ಟುಕೊಡಲಿಲ್ಲ. ನೋಡಿದವರು ಇನ್ನೊಬ್ಬರನ್ನು ಕರೆದುಕೊಂಡು ಮತ್ತೆ ಬಂದರು. ಬಿಡುಗಡೆಗೆ ಮುಂಚೆ ಅದು ಮುಳುಗುತ್ತದೆ ಎಂದು ಭವಿಷ್ಯ ಹೇಳಿದವರಿಗೆ ಕೊರತೆಯಿರಲಿಲ್ಲ.

ಗೆದ್ದಿತು, ಸೋತಿತು ಎನ್ನುವ ಮೊದಲು ಖರ್ಚು ಎಷ್ಟು ಎಂದು ಕೇಳಬೇಕು. 1963ರಲ್ಲಿ ‘ಕ್ಲಿಯೋಪಾತ್ರ’ ಅಮೆರಿಕದಲ್ಲಿ ಆ ವರ್ಷ ಅತಿ ಹೆಚ್ಚು ಗಳಿಸಿದ ಚಿತ್ರ. ಆದರೂ ಅದನ್ನು ತಯಾರಿಸಿದ ಸ್ಟುಡಿಯೊ ನಷ್ಟದಲ್ಲಿ ಒದ್ದಾಡಿತು. ಮಾಡಿದ ಖರ್ಚು ಅಷ್ಟು ಮಿತಿಮೀರಿತ್ತು. ಪತ್ರಿಕೆಯಲ್ಲಿ ಬರುವ ಗಳಿಕೆ ಗಲ್ಲಾಪೆಟ್ಟಿಗೆಗೆ ಬಿದ್ದ ಒಟ್ಟು ಹಣ. ಅದರಲ್ಲಿ ತೆರಿಗೆ ಕಳೆದು, ಮಂದಿರದವರ ಪಾಲು ಕಳೆದು, ಹಂಚಿಕೆದಾರರ ಕಮಿಷನ್ ಮತ್ತು ಪ್ರಚಾರದ ವೆಚ್ಚ ಕಳೆದ ಮೇಲೆ ನಿರ್ಮಾಪಕರ ಕೈಗೆ ಬರುವುದು ಹಲವು ಸಲ ಅರ್ಧಕ್ಕಿಂತ ಕಡಿಮೆ. ಈ ಲೆಕ್ಕ ಹಾಕದೆ ಒಟ್ಟು ಗಳಿಕೆಯ ಅಂಕಿ ನೋಡಿ ಎರಡನೆಯ ಚಿತ್ರಕ್ಕೆ ಇಮ್ಮಡಿ ಬಂಡವಾಳ ಹೂಡಿ ಕೈ ಸುಟ್ಟುಕೊಂಡ ಒಳ್ಳೆಯ ಮನುಷ್ಯರನ್ನು ನಾನು ಬಲ್ಲೆ.

ಪರದೆಗಳ ಸಂಖ್ಯೆಯದ್ದು ಇನ್ನೊಂದು ಕಥೆ. ಎಲ್ಲ ನಿರ್ಮಾಪಕರಿಗೂ ಪೋಸ್ಟರ್‌ನಲ್ಲಿ ದೊಡ್ಡ ಸಂಖ್ಯೆ ಬೇಕು. ಇನ್ನೂರು ಜನ ನೋಡುವ ಚಿತ್ರವನ್ನು ಐದು ಮಂದಿರಗಳಿಗೆ ಹಂಚಿದರೆ ಒಂದೊಂದರಲ್ಲೂ ನಲವತ್ತು ಜನ ಚೆಲ್ಲಾಪಿಲ್ಲಿಯಾಗಿ ಕುಳಿತಿರುತ್ತಾರೆ. ಅಂಥ ಮಂದಿರದಲ್ಲಿ ಹಾಸ್ಯದ ಮಾತಿಗೆ ನಗು ಹುಟ್ಟುವುದಿಲ್ಲ. ಅಕ್ಕಪಕ್ಕದ ಖಾಲಿ ಕುರ್ಚಿ ನೋಡಿದವನು ಚಿತ್ರ ಚೆನ್ನಾಗಿಲ್ಲ ಎಂದು ಮೊದಲೇ ತೀರ್ಮಾನಿಸಿಬಿಡುತ್ತಾನೆ. ಅದೇ ಇನ್ನೂರು ಜನರನ್ನು ಒಂದೇ ಕಡೆ ಕೂರಿಸಿದರೆ ನಗುವಿಗೆ ನಗು ಸೇರುತ್ತದೆ, ಹೊರಗೆ ಬಂದವರು ಹೌಸ್‌ಫುಲ್ ಆಗಿತ್ತು ಎಂದು ಹೇಳಿಕೊಳ್ಳುತ್ತಾರೆ. 2002ರಲ್ಲಿ ‘ಮೈ ಬಿಗ್ ಫ್ಯಾಟ್ ಗ್ರೀಕ್ ವೆಡ್ಡಿಂಗ್’ ಸುಮಾರು ನೂರು ಮಂದಿರಗಳಲ್ಲಿ ಆರಂಭವಾಗಿ, ಒಂದು ವಾರವೂ ಮೊದಲ ಸ್ಥಾನಕ್ಕೇರದೆ, ತಿಂಗಳುಗಟ್ಟಲೆ ಹಬ್ಬುತ್ತಾ ಹೋಗಿ ಅಮೆರಿಕ ಮತ್ತು ಕೆನಡಾಗಳಲ್ಲಿ 24 ಕೋಟಿ ಡಾಲರ್ ದಾಟಿತು. ಅದರ ತಯಾರಿಕಾ ವೆಚ್ಚ ಸುಮಾರು 50 ಲಕ್ಷ ಡಾಲರ್. ಪರದೆ ಕಡಿಮೆ ಮಾಡೋಣ ಎಂದಾಗ ಮುಖ ಸಣ್ಣದು ಮಾಡಿಕೊಳ್ಳುವ ನಿರ್ಮಾಪಕರಿಗೆ ನಾನು ಮೊದಲು ಹೇಳುವುದು ಈ ಚಿತ್ರದ ಲೆಕ್ಕವನ್ನೇ.

ಮಳೆ, ಪರೀಕ್ಷೆ, ಅದೇ ವಾರ ಬಂದ ದೊಡ್ಡ ಚಿತ್ರ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಆದರೆ ಸೋತ ಮೇಲೆ ಇವುಗಳ ಮೇಲೆ ಗೂಬೆ ಕೂರಿಸುವುದು ಸುಲಭವಾದ್ದರಿಂದ ನಾನು ಇವನ್ನು ಕೊನೆಗೆ ನೋಡುತ್ತೇನೆ.

ಆ ತಂದೆ ಮಗಳ ಚಿತ್ರದ ನಿರ್ದೇಶಕರು ಆರು ವರ್ಷ ಮತ್ತೊಂದು ಚಿತ್ರ ಮಾಡಲಿಲ್ಲ, ಮಾಡಲು ಯಾರೂ ಹಣ ಕೊಡಲಿಲ್ಲ. ಏಳನೆಯ ವರ್ಷ ಅವರೇ ನಮ್ಮ ಕಚೇರಿಗೆ ಬಂದರು, ಕೈಯಲ್ಲಿ ಹೊಸ ಚಿತ್ರವಿತ್ತು. ಅವರ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. “ಈ ಸಲ ಟ್ರೇಲರ್ ಇಬ್ಬರೂ ಕುಳಿತು ಮಾಡೋಣ” ಎಂದು ಅವರೇ ಅಂದರು. ಮೂರು ರಾತ್ರಿ ಕುಳಿತೆವು. ಮುದುಕಿಯೊಬ್ಬಳು ಬಾಗಿಲ ಚಿಲಕ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕುವ ಒಂದು ದೃಶ್ಯವನ್ನು ಕತ್ತರಿಸದೆ ಪೂರ್ತಿಯಾಗಿ ಟ್ರೇಲರ್‌ನಲ್ಲಿ ಇಟ್ಟೆವು. ಸಂಗೀತ ಹಾಕಲಿಲ್ಲ, ಚಿಲಕದ ಸದ್ದು ಮಾತ್ರ. ಕಚೇರಿಯಲ್ಲಿ ಇದನ್ನು ಒಪ್ಪಿಸಲು ನಾನು ಜಗಳವಾಡಬೇಕಾಯಿತು. ಪರದೆಗಳನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿದೆ, ಇನ್ನೂರು ಆಸನದ ಸಣ್ಣ ಮಂದಿರಗಳನ್ನೇ ಹುಡುಕಿ ಹಿಡಿದೆ.

ಶುಕ್ರವಾರ ಅರ್ಧ ತುಂಬಿತು. ಪಕ್ಕದ ಬಾಗಿಲ ಬಳಿ ನಿಂತು ನೋಡಿದೆ. ಚಿಲಕದ ದೃಶ್ಯ ಬಂದಾಗ ಮೂರನೆಯ ಸಾಲಿನ ಹೆಂಗಸೊಬ್ಬರು ಪಕ್ಕದಲ್ಲಿದ್ದವರ ಕೈ ಹಿಡಿದುಕೊಂಡರು. ಮೊಬೈಲ್ ಒಂದೂ ಬೆಳಗಲಿಲ್ಲ. ಮುಗಿದ ಮೇಲೆ ಜನ ಮೆಟ್ಟಿಲಲ್ಲೇ ಗುಂಪುಗುಂಪಾಗಿ ನಿಂತರು, ಬೇಗ ಕರಗಲಿಲ್ಲ. ನಿರ್ದೇಶಕರು ಒಳಗೆ ಬಂದಿರಲಿಲ್ಲ, ಹೊರಗೆ ರಸ್ತೆಯ ಆಚೆ ನಿಂತಿದ್ದರು. ನಾನೂ ಏನೂ ಹೇಳಲಿಲ್ಲ, ಸೋಮವಾರ ಬರಲಿ ಎಂದೆ.

ಸೋಮವಾರ ಮಧ್ಯಾಹ್ನ ಎರಡೂವರೆಗೆ ಮಂದಿರದ ಮ್ಯಾನೇಜರ್ ಫೋನ್ ಮಾಡಿ ಸಂಖ್ಯೆ ಹೇಳಿದರು. ಶುಕ್ರವಾರದ ಮ್ಯಾಟಿನಿಗಿಂತ ಹನ್ನೊಂದು ಟಿಕೆಟ್ ಹೆಚ್ಚು. ತಪ್ಪಾಗಿ ಓದಿದಿರಾ ಎಂದು ಇನ್ನೊಮ್ಮೆ ಕೇಳಿದೆ, ಅವರು ಮತ್ತೆ ಅದನ್ನೇ ಹೇಳಿದರು. ಫೋನ್ ಇಟ್ಟು, ನಿರ್ದೇಶಕರ ಮನೆಗೆ ಹೋಗಲು ಗಾಡಿಯ ಕೀಲಿ ತೆಗೆದುಕೊಂಡೆ. ಅದನ್ನು ಫೋನಿನಲ್ಲಿ ಹೇಳಲು ನನಗೆ ಮನಸ್ಸಾಗಲಿಲ್ಲ.